ಥೀಮಣ್ಣನ ಬಣ್ಣಗಳು

ನಮ್ಮ ಆಫೀಸಿನ ವೆಬ್‌ಸೈಟಿಗೆ ಹೊಸ ಸ್ಟೈಲ್ ಲೈಬ್ರರಿ ಜೋಡಿಸುವ ಮಹತ್ಕಾರ್ಯ ಥೀಮಣ್ಣನ ಪಾಲಿಗೆ ಬಂದಿದೆ. ಬಟನ್ನು, ಮೆನು ಎಲ್ಲ ಅದರಲ್ಲಿ ಸಿದ್ಧವಾಗಿಯೇ ಸಿಗುತ್ತವೆ, ಬೇಕಿದ್ದರೆ ಬದಲಿಸಿಕೊಳ್ಳಬಹುದು. ಆ ‘ಬೇಕಿದ್ದರೆ’ ಥೀಮಣ್ಣನ ಕಿವಿಗೆ ಬಿದ್ದಂತಿಲ್ಲ. ಬಟನ್ನಿನ ಮೂಲೆಗಳನ್ನು ಬೆಳಿಗ್ಗೆ ದುಂಡಗೆ ಮಾಡುತ್ತಾನೆ, ಮಧ್ಯಾಹ್ನ ಚೂಪು ಮಾಡುತ್ತಾನೆ, ಸಂಜೆ ಮತ್ತೆ ದುಂಡಗೆ ಮಾಡಿ ಸುಸ್ತಾಗಿ ಮನೆಗೆ ಹೋಗುತ್ತಾನೆ. ಒತ್ತಿದರೆ ಏನೂ ಆಗುವುದಿಲ್ಲವಲ್ಲಪ್ಪ ಎಂದರೆ, “ಅದೆಲ್ಲ ಆಮೇಲೆ ಸಾರ್, ಮೊದ್ಲು ನೋಡೋಕೆ ಚೆನ್ನಾಗಿರ್ಲಿ” ಎನ್ನುತ್ತಾನೆ. ಬಣ್ಣಗಳನ್ನು ಹೆಸರಿನಿಂದ ಕರೆಯುವುದು ಅವನ ಘನತೆಗೆ ಕಡಿಮೆ. ನಾವು ‘ಎಲೆ ಹಸಿರು’ ಎಂದರೆ ಮುಖ ಸಿಂಡರಿಸಿ ಆ ಬಣ್ಣಕ್ಕೆ ಕಂಪ್ಯೂಟರಿನಲ್ಲಿರುವ ಆರಕ್ಷರದ ಕೋಡ್ ಒಪ್ಪಿಸುತ್ತಾನೆ. ಅಷ್ಟು ಪಾಂಡಿತ್ಯವಿದ್ದೂ, ಕಾಫಿ ತರಲು ಹೊರಟವರನ್ನೆಲ್ಲ ತಡೆದು, “ಮೇಡಂ, ಈ ಕೆಂಪು ಕೆಂಪಗಿದೆಯಾ?” ಎಂದು ಪ್ರಾಣ ತಿನ್ನುತ್ತಾನೆ. ಹೊಗಳಿಸಿಕೊಳ್ಳುವ ಚಟ ಎಂದುಕೊಂಡು ನಾವು ಪರದೆಯತ್ತ ನೋಡದೆಯೇ “ಸೂಪರ್” ಎಂದು ಸಾಗಹಾಕುತ್ತೇವೆ. ವೆಬ್‌ಸೈಟಿನ ಫಾರಂನಲ್ಲಿ ತಪ್ಪಾಗಿ ತುಂಬಿದ ಜಾಗ ಕೆಂಪಾದರೆ ಸಾಲದು, ಪಕ್ಕದಲ್ಲಿ ‘ತಪ್ಪು’ ಎಂದು ಅಕ್ಷರದಲ್ಲೂ ಬರಬೇಕೆಂದು ಅವನು ಹಟ ಹಿಡಿದಾಗ ಮ್ಯಾನೇಜರ್ ರೇಗಿದರು: “ಕೆಂಪಾದ್ರೆ ಗೊತ್ತಾಗಲ್ವೇನಯ್ಯಾ? ಜನಕ್ಕೇನು ಕಣ್ಣಿಲ್ವಾ?” ಥೀಮಣ್ಣ ಪೆಚ್ಚಾಗಿ ನಕ್ಕ, ಆದರೆ ಆ ‘ತಪ್ಪು’ ತೆಗೆಯಲಿಲ್ಲ. ಮೊನ್ನೆ ಅವನ ಸ್ವೆಟರ್ ಕುರ್ಚಿಯಿಂದ ಜಾರಿ ಬಿತ್ತು. ಎತ್ತಿ ಕೊಡಹೋದರೆ, ಕಾಲರಿನ ಒಳಗೆ ಅವನ ಹೆಂಡತಿ ಬಿಳಿ ದಾರದಲ್ಲಿ ಪುಟ್ಟದಾಗಿ ಹೊಲಿದಿದ್ದರು: ‘ಇದು ಹಸಿರು.’