ದೋಣಿಗೆ ಹಚ್ಚಿದ ಅರಿಶಿಣ

ನಮ್ಮಣ್ಣ ಟ್ರ್ಯಾಕ್ಟರ್ ಮಾರಿ, ಬಿಳಿ ಫೈಬರ್ ದೋಣಿಯೊಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಸಿರುಗುಪ್ಪದ ಮನೆಗೆ ತಂದ. ರಾರಾವಿ ಕಡೆ ಹೊಳೆಯಲ್ಲಿ ಜನರನ್ನು ಕೂರಿಸಿಕೊಂಡು ಸುತ್ತಾಡಿಸುತ್ತೇನೆ ಅನ್ನುವುದು ಅವನ ಲೆಕ್ಕಾಚಾರ. ಕುರುಗೋಡಿನಲ್ಲಿದ್ದ ಅಪ್ಪ ಸುದ್ದಿ ಕೇಳಿ, ‘ಉಳೋದು ಬಿಟ್ಟು ತೇಲಾಕ ಹೊಂಟಾನ’ ಎಂದವನು ಮಗನ ಜೊತೆ ಮಾತೇ ಬಿಟ್ಟ. ಅಪ್ಪ ಬಂದು ಒಂದು ಸಲ ಅದರಲ್ಲಿ ಕೂತರೆ ಸಾಕು, ಆಮೇಲೆ ಹೊಳೆಗೆ ಇಳಿಸುತ್ತೇನೆ ಎಂದು ಅಣ್ಣ ಹಟ ಹಿಡಿದ. ಹೀಗಾಗಿ ದೋಣಿ ಅಂಗಳದ ಬೇವಿನ ಮರದ ನೆರಳಲ್ಲಿ ತಿಂಗಳುಗಟ್ಟಲೆ ಕೂತಿತು. ಅಪ್ಪನಿಗಿಂತ ಮಗನ ಹಟ ಒಂದು ಕೈ ಮೇಲು.

ಆಯುಧ ಪೂಜೆಗೆ ನಾನು ಬಳ್ಳಾರಿಯಿಂದ, ಅವ್ವ ಕುರುಗೋಡಿನಿಂದ ಅಣ್ಣನ ಮನೆಗೆ ಹೋದೆವು. ಅಪ್ಪ ಬರಲಿಲ್ಲ. ಬೈಕಿಗೆ ಪೂಜೆಯಾಯಿತು, ಮಿಕ್ಸಿಗೂ ಆಯಿತು, ದೋಣಿಯ ಸರದಿ ಬಂತು. ಗಾಲಿಯೇ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದು? ದೊಡ್ಡ ಚರ್ಚೆ ನಡೆಯಿತು. ಕೊನೆಗೆ ನಾವೆಲ್ಲ ಸೇರಿ ದೋಣಿಯ ಮೂತಿ ಎತ್ತಿದೆವು, ಅವ್ವ ಹಣ್ಣಿಟ್ಟು ಕೈ ತೆಗೆದಳು, ನಾವು ಧೊಪ್ಪನೆ ಬಿಟ್ಟೆವು. ಹಣ್ಣು ಅಪ್ಪಚ್ಚಿಯಾಯಿತು, ಎಲ್ಲರೂ ಕೈಮುಗಿದರು.

ಆಮೇಲೆ ಅವ್ವ ಎಣ್ಣೆಯಲ್ಲಿ ಅರಿಶಿಣ ಕಲಸಿ ಡೆಕ್ಕಿಗೆ, ಅಂದರೆ ದೋಣಿಯ ಮೇಲಿನ ಬಿಳಿ ನೆಲಕ್ಕೆ, ಧಾರಾಳವಾಗಿ ಬಳಿದಳು. ಕಾಲು ಜಾರದಿರಲೆಂದು ಅದರ ಮೇಲೆ ಸಣ್ಣ ಸಣ್ಣ ಗುಳಿಗಳಿದ್ದವು. ಒಂದನ್ನೂ ಬಿಡಲಿಲ್ಲ. ಅಣ್ಣ ಒರೆಸಲು ಹೋದರೆ, ‘ಪೂಜಿ ಮಾಡಿದ್ದು ಅವತ್ತೇ ತೊಳೀಬಾರ್ದಲೇ’ ಎಂದು ಕೈ ಹಿಡಿದಳು.

ಮರುದಿನ ಬೆಳಿಗ್ಗೆ ಅಪ್ಪನ ಫೋನ್ ಬಂತು. ‘ಸೋಮವಾರ ಬರ್ತೀನಿ. ನೋಡ್ತೀನಿ ಅಷ್ಟೇ, ಹತ್ತಂಗಿಲ್ಲ.’ ಅಣ್ಣ ಸಂತೋಷದಿಂದ ಅಂಗಳಕ್ಕೆ ಓಡಿ, ಡೆಕ್ಕು ನೋಡಿ ಮುಖ ಸಪ್ಪಗೆ ಮಾಡಿಕೊಂಡ. ‘ಅಪ್ಪಗ ತಪ್ಪು ಹುಡುಕಾಕ ಇಷ್ಟು ಸಾಕಲ್ಲಬೇ’ ಎಂದು ಅವ್ವನ ಮೇಲೆ ರೇಗಿದ.

ನನಗೆ ಯಾರಾದರೂ ಕೈಕಟ್ಟಿ ಕೂತರೆ ಮೈಯೆಲ್ಲ ಉರಿಯುತ್ತದೆ. ಸೀರೆ ಎತ್ತಿ ಕಟ್ಟಿ, ಸೋಪಿನ ಪುಡಿ ಸುರಿದು ತಿಕ್ಕಿದೆ. ಹಳದಿ ಹೋಯಿತು. ಅದರ ಜಾಗದಲ್ಲಿ ಕೆಂಪು ಬಂತು, ಅದೂ ರಕ್ತಗೆಂಪು. ತಿಕ್ಕಿದಷ್ಟೂ ಕೆಂಪು ನೀರು ಅಂಗಳದುದ್ದ ಹರಿದು ಬೀದಿಗಿಳಿಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಪಾತ್ರೆ ಹಿಡಿದು ಬಂದಳು. ‘ಯಕ್ಕಾ, ಕುರಿ ಕಡದೀರೇನ್ರಿ? ನಮಗೂ ಒಂದು ಪಾಲು ಇಡ್ರಿ.’ ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ ನಮ್ಮದು. ಅವ್ವ ‘ಶಿವ ಶಿವಾ’ ಅನ್ನುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತಿಗೆ ಹುಣಸೆಹುಳಿ ತಂದು ಉಜ್ಜಿದಳು. ಉಜ್ಜಿದ ಕಡೆ ಮತ್ತೆ ಹಳದಿ! ಅರ್ಧ ಕೆಂಪು, ಅರ್ಧ ಹಳದಿ. ದಾರಿಯಲ್ಲಿ ಹೋಗುತ್ತಿದ್ದ ಆಟೋದವನೊಬ್ಬ ನಿಲ್ಲಿಸಿ, ರಾಜ್ಯೋತ್ಸವದ ಮೆರವಣಿಗೆಗೆ ಈಗಲೇ ತಯಾರಿ ನಡೆಸಿದ್ದೇವೆಂದು ನಮ್ಮನ್ನು ಹೊಗಳಿ ಹೋದ.

ನಾನು ಬಸ್ಸು ಹತ್ತಿ ಬಳ್ಳಾರಿಗೆ ಬಂದು, ಬ್ರೂಸ್‌ಪೇಟೆಯ ಪೇಂಟ್ ಅಂಗಡಿಯ ಸಾಹೇಬರನ್ನು ಕೇಳಿದೆ.

‘ಅರಿಶಿಣದ ಕಲಿ ಹೋಗಾಕ ಏನರ ಕೊಡ್ರಿ.’

‘ಮದುವಿ ಮನ್ಯಾಗಿನ ಬಟ್ಟಿ ಏನ್ರಿ? ಯಾರಿಗೆ ಹಚ್ಚಿದ್ರಿ?’

‘ದೋಣಿಗ್ರಿ.’

ಸಾಹೇಬರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಬಳ್ಳಾರಿ ಬಿಸಲಿಗೆ ಯಾರಿಗರ ಹಿಂಗ ಆಗ್ತೈತಿ ಬಿಡ್ರಿ’ ಎಂದು ಕರುಣೆಯಿಂದ ಹೇಳಿ, ಕಾರಿಗೆ ಹಚ್ಚುವ ಪಾಲಿಶ್ ಡಬ್ಬಿ ಕೊಟ್ಟರು. ಅದನ್ನು ತಂದು ಸಂಜೆಯವರೆಗೆ ಉಜ್ಜಿದೆವು. ಕಲೆ ಹೋಗಲಿಲ್ಲ, ಕಲೆಗೆ ಒಳ್ಳೆಯ ಹೊಳಪು ಬಂತು.

ಶನಿವಾರ ಅವ್ವ ತಗಾದೆ ತೆಗೆದಳು. ಅಪ್ಪ ಬಂದರೆ ಮಂಚ ಹಾಕಲು ಇರುವುದು ಅದೊಂದೇ ನೆರಳು, ನಿಮ್ಮ ಗಾಡಿ ಆಚೆ ಎಳೆಯಿರಿ ಅಂದಳು. ಬಿಸಿಲಿಗೆ ದೋಣಿ ಹಾಳಾಗುತ್ತದೆಂದು ಅಣ್ಣ ಗೊಣಗಿದ. ಹಾಳಾಗಲು ಇನ್ನೇನು ಉಳಿದಿದೆ ಎಂದು ನಾನು ಬೈದೆ. ಎಳೆದು ಬಯಲಿಗೆ ಹಾಕಿದೆವು. ಅದರ ಮುಖ ನೋಡಲು ಯಾರಿಗೂ ಮನಸ್ಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತಿಗೆ ಕೂಗಿದಳು. ಡೆಕ್ಕು ಬೆಳ್ಳಗೆ ಹಾಲಿನಂತಿತ್ತು. ಗುಳಿಗಳೊಳಗೂ ಹಳದಿಯ ಸುಳಿವಿಲ್ಲ. ಬಿಸಿಲು ಅಷ್ಟನ್ನೂ ತಿಂದು ಮುಗಿಸಿತ್ತು. ಆದರೆ ಅತ್ತಿಗೆ ಹುಣಸೆಹುಳಿಯ ಮಹಿಮೆ ಅಂದಳು, ನಾನು ಪಾಲಿಶ್ ಅಂದೆ, ಅವ್ವ ಹರಕೆ ಹೊತ್ತಿದ್ದೆ ಅಂದಳು. ಜಗಳ ತೀರುವ ಮೊದಲೇ ಅಪ್ಪ ಬಂದ.

ಮಂಚದ ಮೇಲೆ ಕೂರದೆ ನೇರ ದೋಣಿಯತ್ತ ಹೋದ. ಕೈ ಹಿಂದೆ ಕಟ್ಟಿ ಒಂದು ಸುತ್ತು ಹಾಕಿದ, ಬಗ್ಗಿ ನೋಡಿದ, ಬೆರಳಿಂದ ತಟ್ಟಿದ. ಅಣ್ಣ ಅವನ ಹಿಂದೆಯೇ ಸುತ್ತಿದ.

‘ಏನ್ಲೇ,’ ಅಂದ ಅಪ್ಪ, ‘ಹಬ್ಬ ಆಗಿ ಹೋತು, ಇದಕ್ಕ ಪೂಜಿ ಮಾಡಿಲ್ಲೇನು? ಒಂದು ಚಿಟಿಕಿ ಅರಿಶಿಣ ಇಲ್ಲ. ಬೋಳು ಗಾಡಿ ಹೆಂಗ ಹತ್ಲಿ ನಾನು?’

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅವ್ವ ಒಳಗಿನಿಂದ ಬಟ್ಟಲು ತಂದುಕೊಟ್ಟಳು. ಅಪ್ಪ ತಾನೇ ಅರಿಶಿಣದಲ್ಲಿ ಬೆರಳದ್ದಿ, ಡೆಕ್ಕಿನ ನಟ್ಟನಡುವೆ ಗೆರೆ ಎಳೆದ. ಚಪ್ಪಲಿ ಕಳೆದು, ಧೋತರ ಎತ್ತಿಕೊಂಡು ಒಳಗೆ ಕಾಲಿಟ್ಟು ಕೂತ.

ದೋಣಿ ನೆಲದ ಮೇಲೇ ಇತ್ತು, ಅಲುಗುವಂತೆಯೇ ಇರಲಿಲ್ಲ. ಆದರೂ ಅಣ್ಣ ಅದರ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತಿದ್ದ. ಅಪ್ಪ ಅವನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ.

‘ಬಿಡಲೇ,’ ಅಂದ, ‘ನಾ ಬೀಳಂಗಿಲ್ಲ.’