ಎರಡು ಫ್ಯಾನಿನ ಕಾರ್ಡು

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯ ಫ್ಯಾನು ನಿಧಾನವಾಯಿತು. ನಿಲ್ಲಲಿಲ್ಲ, ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಾಣುವಷ್ಟು ನಿಧಾನ. ಗಂಟೆ ನನಗೆ ಇಷ್ಟು ಖಚಿತವಾಗಿ ನೆನಪಿರುವುದು, ಆಗಷ್ಟೇ ಮೊಬೈಲು ನೋಡಿ ಇನ್ನೂ ಸ್ವಲ್ಪ ಹೊತ್ತು ಮಲಗಬಹುದು ಎಂದುಕೊಂಡಿದ್ದರಿಂದ. ನ್ಯಾಮತಿಯ ಬೇಸಿಗೆಯಲ್ಲಿ ವೋಲ್ಟೇಜು ಇಳಿಯುವುದು ಯಾರಿಗೂ ಸುದ್ದಿಯಲ್ಲ. ನನ್ನ ಗಂಡ ಕಂಪ್ಯೂಟರಿನ ಮುಂದಿನಿಂದ ಎದ್ದು, "ತಡಿ, ಫೇಸ್ ಬದಲಾಯಿಸಿ ಬರ್ತೀನಿ" ಎಂದು, ಬಾಗಿಲ ಚಿಲಕವನ್ನು ಬಲಗೈಯಿಂದ ತೆಗೆದು ಹೊರಗೆ ಹೋದರು. ಆ ಕೈಯ ಬೆರಳುಗಳೆಲ್ಲ ಒಟ್ಟಿಗೆ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅವರದು ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಫೋಟೋ ಸ್ಟುಡಿಯೋ. ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಮದುವೆ ಆಲ್ಬಂಗಳನ್ನು ಅವರು ಮನೆಯ ಕಂಪ್ಯೂಟರಿನಲ್ಲೇ ಮಾಡುತ್ತಿದ್ದರು. ಸಂಜೆಯಾದರೆ ಅದೇ ಕಂಪ್ಯೂಟರು ಅವರ ಹಾಸ್ಟೆಲ್ಲಾಗುತ್ತಿತ್ತು. ದಾವಣಗೆರೆಯಲ್ಲಿ ಓದುವಾಗ ಇವರೂ ಸೇರಿ ಮೂವರು ಗೆಳೆಯರು ಒಂದೇ ರೂಮಿನಲ್ಲಿದ್ದರು. ಒಬ್ಬರು ಈಗ ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿದ್ದಾರೆ. ಇನ್ನೊಬ್ಬರು ಜಗಳೂರಿನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ಇಟ್ಟಿದ್ದಾರೆ. ಮದುವೆ, ಮಕ್ಕಳು, ಅಂಗಡಿ ಎಂದು ಮುಖ ನೋಡುವುದೇ ಅಪರೂಪವಾಗಿದ್ದ ಈ ಮೂವರು ದಿನಾ ಸೇರುತ್ತಿದ್ದದ್ದು ಇಂಟರ್ನೆಟ್ಟಿನಲ್ಲಿ ಆಡುವ ಒಂದು ಬಂದೂಕಿನ ಆಟದಲ್ಲಿ. ಕಿವಿಗೆ ಹೆಡ್‌ಫೋನು, ಬಾಯಲ್ಲಿ ಹಳೆಯ ಬೈಗುಳ. ಅಡುಗೆಮನೆಯಲ್ಲಿ ನನಗೆ ಒಬ್ಬರ ಮಾತು ಮಾತ್ರ ಕೇಳುತ್ತಿತ್ತು, ಆದರೂ ಮನೆಯಲ್ಲಿ ಮೂರು ಜನ ಇದ್ದಂತೆ ಅನಿಸುತ್ತಿತ್ತು.

ತೊಂದರೆ ಏನೆಂದರೆ ನಮ್ಮ ಕಂಪ್ಯೂಟರು ಹಳೆಯದು. ಗುಂಡು ಹಾರುವ ಹೊತ್ತಿಗೆ ಸರಿಯಾಗಿ ಚಿತ್ರ ಅಂಟಿಕೊಂಡು ನಿಲ್ಲುತ್ತಿತ್ತು. ಅದು ಮತ್ತೆ ಕದಲುವಷ್ಟರಲ್ಲಿ ಇವರು ಸತ್ತು ಬಿದ್ದಿರುತ್ತಿದ್ದರು. ಚನ್ನಗಿರಿಯವರು ಒಮ್ಮೆ ಹೇಳಿದ್ದನ್ನು ಇವರೇ ನಗುತ್ತ ನನಗೆ ಒಪ್ಪಿಸಿದ್ದರು: "ಸ್ಟುಡಿಯೋದವ ನೋಡಲೇ, ಆಟದಾಗೂ ಫೋಟೋ ತೆಗಿಯಾಕೆ ನಿಂತಾನೆ." ನಕ್ಕರೂ ಅದು ಅವರಿಗೆ ಚುಚ್ಚಿತ್ತು. ಪ್ರತಿ ಸಲ ಮೊದಲು ಸಾಯುವವನನ್ನು ಯಾರು ಎಷ್ಟು ದಿನ ಜೊತೆಗಿಟ್ಟುಕೊಳ್ಳುತ್ತಾರೆ?

ಹೀಗೆ, ಚಿತ್ರ ನಿಲ್ಲದಂತೆ ಓಡಿಸುವ ಗ್ರಾಫಿಕ್ಸ್ ಕಾರ್ಡಿನ ಹುಡುಕಾಟ ಶುರುವಾಯಿತು. ಮದುವೆಗೆ ಹೆಣ್ಣು ನೋಡಿದಂತೆ ನೋಡಿದರು. ಊಟ ಮಾಡುವಾಗ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ, ಎರಡು ಕಾರ್ಡುಗಳನ್ನು ಅಕ್ಕಪಕ್ಕ ಓಡಿಸಿ ತೋರಿಸುವ ವಿಡಿಯೋ ಹಾಕಿಕೊಳ್ಳುತ್ತಿದ್ದರು. ಟೈಲರ್ ಟೇಪಿನಿಂದ ಕಂಪ್ಯೂಟರಿನ ತಗಡಿನ ಕ್ಯಾಬಿನೆಟ್ಟಿನ ಒಳಗನ್ನು ಅಳೆದರು. ಕೊನೆಗೆ ಎರಡು ಉಳಿದವು. ಒಂದು, ಜಗಳೂರಿನವರು ಹೇಳಿದ ಸಣ್ಣ ಹೊಸ ಕಾರ್ಡು. ಒಂದೇ ಫ್ಯಾನು, ಅಂಗೈಯುದ್ದ. ಸಿಕ್ಕಿಸಿದ ಜಾಗದಿಂದಲೇ ಕರೆಂಟು ತೆಗೆದುಕೊಳ್ಳುತ್ತದೆ, ಬೇರೆ ವೈರು ಬೇಡ, ಕಂಪ್ಯೂಟರಿಗೆ ಕರೆಂಟು ಹಂಚುವ ಪವರ್ ಸಪ್ಲೈ ಇರುವುದೇ ಸಾಕು. ಇನ್ನೊಂದು, ಚನ್ನಗಿರಿಯವರು ತಾವು ಬಳಸಿ ಬಿಟ್ಟಿದ್ದ ಎರಡು ಫ್ಯಾನಿನ ದೊಡ್ಡ ಕಾರ್ಡು. ಅದು ಆಟವನ್ನು ನೀರಿನಂತೆ ಹರಿಸುತ್ತದೆ, ಆದರೆ ಅದಕ್ಕೆ ಬೇರೆ ವೈರಿನಲ್ಲಿ ಕರೆಂಟು ಕೊಡಬೇಕು, ಪವರ್ ಸಪ್ಲೈಯನ್ನೂ ದೊಡ್ಡದು ಹಾಕಬೇಕು.

ಜಗಳೂರಿನವರು ಫೋನಿನಲ್ಲಿ ಬಹಳ ಹೊತ್ತು ವಾದಿಸಿದರು. ನಿಮ್ಮ ಊರಿನ ಕರೆಂಟಿಗೆ ಸಣ್ಣದೇ ಸರಿ, ಚಿತ್ರದ ಗುಣಮಟ್ಟ ಸ್ವಲ್ಪ ಇಳಿಸಿಕೊಂಡರೆ ಆಟ ನಿಲ್ಲುವುದಿಲ್ಲ ಎಂದರು. ನನ್ನ ಗಂಡ ಎಲ್ಲ ಕೇಳಿ, ಮರುದಿನವೇ ಬೈಕಿನಲ್ಲಿ ಚನ್ನಗಿರಿಗೆ ಹೋಗಿ ದೊಡ್ಡದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಕಾರ್ಡಿಗೇ ಕೈಯಲ್ಲಿದ್ದದ್ದೆಲ್ಲ ಹೋಗಿದ್ದರಿಂದ ಪವರ್ ಸಪ್ಲೈ ಮಾತ್ರ ಹೆಸರಿಲ್ಲದ, ಎತ್ತಿದರೆ ಖಾಲಿ ಡಬ್ಬದಷ್ಟು ಹಗುರವಾದದ್ದನ್ನು ಹಾಕಿಸಿದರು.

ಆಟ ನಿಜಕ್ಕೂ ಸಲೀಸಾಯಿತು. ಆ ವಾರ ಅವರು ಇದ್ದಷ್ಟು ಸಂತೋಷವಾಗಿ ಅವರನ್ನು ನಾನು ಮದುವೆಯ ಹೊಸದರಲ್ಲೂ ನೋಡಿರಲಿಲ್ಲ. ಆದರೆ ಕ್ಯಾಬಿನೆಟ್ಟು ಮುಟ್ಟಿದರೆ ಜುಮ್ಮೆನ್ನುತ್ತಿತ್ತು.

ನಮ್ಮ ಕಡೆ ಹೀಗಾದರೆ ಯಾರೂ ಹೆದರುವುದಿಲ್ಲ. ಅರ್ತ್ ಗುಂಡಿ ಒಣಗಿದೆ, ಒಂದು ಕೊಡ ನೀರು ಹಾಕು ಎನ್ನುತ್ತಾರೆ. ನನ್ನ ತವರಿನಲ್ಲಿ ಅಮ್ಮ ಬೇಸಿಗೆಯುದ್ದಕ್ಕೂ ತುಳಸಿಗೆ ಹಾಕಿ ಉಳಿದ ನೀರನ್ನು ಮೀಟರ್ ಬೋರ್ಡಿನ ಕೆಳಗಿನ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಆ ಗುಂಡಿಗೆ ಸುರಿಯುತ್ತಿದ್ದಳು. ಇವರೂ ಕೊಡ ತುಂಬಿಕೊಂಡು ಹೊರಗೆ ಹೋದರು. ಗುಂಡಿ ಇರಲಿಲ್ಲ. ಮನೆಯ ಮಾಲೀಕರು ಹಿಂದಿನ ತಿಂಗಳು ಬೈಕು ನಿಲ್ಲಿಸಲು ಅನುಕೂಲವಾಗಲಿ ಎಂದು ಅಂಗಳಕ್ಕೆಲ್ಲ ಸಿಮೆಂಟಿನ ಟೈಲ್ಸ್ ಹಾಕಿಸಿ, ಬೋರ್ಡನ್ನು ಕಿತ್ತು ಪಕ್ಕದ ಗೋಡೆಗೆ ಹಾಕಿಸಿದ್ದರು. ಗುಂಡಿ, ಕಡಿದ ತಂತಿಯ ಸಮೇತ, ಎಲ್ಲೋ ಟೈಲ್ಸಿನ ಅಡಿಯಲ್ಲಿತ್ತು. ಇವರು ಅಂದಾಜಿನ ಮೇಲೆ ಒಂದು ಕಡೆ ನೀರು ಸುರಿದರು. ಪಕ್ಕದ ಮನೆಯ ಅಜ್ಜಿ, "ಟೈಲ್ಸಿಗೆ ಯಾಕಪ್ಪ ನೀರು ಹಾಕ್ತೀ, ಮೊಳಕೆ ಬರ್ತೈತೇನು?" ಎಂದಳು.

ಮಿಕ್ಸಿ, ಮೋಟರು ರಿಪೇರಿ ಮಾಡುವವನೊಬ್ಬ ಬಂದ. ಗೋಡೆಯ ಪ್ಲಗ್ ಪಾಯಿಂಟನ್ನು ಬಿಚ್ಚಿ, ಅದರ ಹಿಂದೆ ಅರ್ತಿಗೂ ನ್ಯೂಟ್ರಲ್ಲಿಗೂ ನಡುವೆ ಬೆರಳುದ್ದದ ಒಂದು ವೈರು ಕೂಡಿಸಿದ. "ಈಗ ಮುಟ್ರಿ ನೋಡಾಣ" ಎಂದ. ಮುಟ್ಟಿದರೆ ಏನೂ ಇಲ್ಲ. ಊರಿನಲ್ಲಿ ಅರ್ತ್ ಇಲ್ಲದವರ ಮನೆಗೆಲ್ಲ ಹೀಗೇ ಮಾಡಿದ್ದೇನೆ ಎಂದು ಚಹಾ ಕುಡಿದು ಹೋದ. ಅವನು ಹೇಳಿದ್ದು ಸುಳ್ಳಾಗಿರಲಿಕ್ಕಿಲ್ಲ. ಈಗಲೂ ಯಾರ ಮನೆಗಾದರೂ ಹೋದರೆ ನಾನು ಫ್ರಿಜ್ಜಿನ ಹಿಡಿಕೆ ಮುಟ್ಟುವುದಿಲ್ಲ.

ಆ ಭಾನುವಾರಕ್ಕೆ ಬರುತ್ತೇನೆ. ವೋಲ್ಟೇಜು ಬಿದ್ದಾಗ ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದನ್ನೇ ಇವರೂ ಮಾಡಿದರು. ಕಂಬದಿಂದ ಬರುವ ಮೂರು ಕರೆಂಟು ತಂತಿಗಳಲ್ಲಿ, ಅಂದರೆ ಫೇಸುಗಳಲ್ಲಿ, ಒಂದರ ಫ್ಯೂಸನ್ನು ಕಿತ್ತು, ಕರೆಂಟು ಚೆನ್ನಾಗಿರುವ ಇನ್ನೊಂದಕ್ಕೆ ಸಿಕ್ಕಿಸುವುದು. ಬೋರ್ಡಿನಲ್ಲಿ ಒಂದೇ ರೂಪದ ಬಿಳಿ ಪಿಂಗಾಣಿ ಫ್ಯೂಸುಗಳು ಸಾಲಾಗಿದ್ದವು. ಇವರು ಯಾವಾಗಲೂ ಎಡಗಡೆಯ ಮೊದಲನೆಯದನ್ನು ಕೀಳುತ್ತಿದ್ದರು. ಬೋರ್ಡು ಜಾಗ ಬದಲಾಯಿಸಿದಾಗ ಎಡಗಡೆಗೆ ಬಂದು ಕೂತದ್ದು ಫೇಸಲ್ಲ, ನ್ಯೂಟ್ರಲ್. ಅಲ್ಲಿಂದ ಈಚೆಗೆ ಫೇಸ್ ಬದಲಾಯಿಸಿದ್ದು ಇದೇ ಮೊದಲಾದ್ದರಿಂದ ಅದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಿತ್ತರು. ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು, ಕಂಪ್ಯೂಟರಿನ ದೀಪ ಆರಿತು.

ಫ್ಯೂಸನ್ನು ಇನ್ನೊಂದಕ್ಕೆ ಸಿಕ್ಕಿಸುವ ಮೊದಲು ಜೇಬಿಗೆ ಹಾಕಿಕೊಂಡು ಒಳಗೆ ಬಂದರು. ಕಾರ್ಡಿಗೆ ಹೋಗುವ ವೈರು ಸಡಿಲವಾಗಿ ಎರಡು ದಿನದಿಂದ ತೊಂದರೆ ಕೊಡುತ್ತಿತ್ತು. "ಹೆಂಗೂ ಕರೆಂಟು ತೆಗ್ದೀನಲ್ಲ, ಅದನ್ನೊಂದು ಒತ್ತಿಬಿಡ್ತೀನಿ" ಎಂದು ಬರಿಗಾಲಲ್ಲಿ, ಬೆವರಿದ ಮೈಯಲ್ಲಿ ನೆಲಕ್ಕೆ ಕೂತು ಕ್ಯಾಬಿನೆಟ್ಟಿನೊಳಗೆ ಬಲಗೈ ಹಾಕಿದರು.

ನಾನು ಮಂಚದ ಮೇಲಿದ್ದೆ. ಅವರು ಬಗ್ಗಿ ಒಳಗೆ ಏನನ್ನೋ ನೋಡುತ್ತಿದ್ದಾರೆ ಎಂದೇ ತಿಳಿದೆ. ಆಮೇಲೆ ಅವರ ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು, ಕನಸಿನಲ್ಲಿ ಕೂಗಲು ಹೋಗಿ ಕೂಗಲಾಗದವರ ಸದ್ದು. ಮೀನಖಂಡ ನಡುಗುತ್ತಿತ್ತು. ನಾನು ಮೊದಲು ನೋಡಿದ್ದು ಫ್ಯಾನನ್ನು. ಫ್ಯಾನು ನಿಂತಿತ್ತು. ಕರೆಂಟಿಲ್ಲ, ಹಾಗಾದರೆ ಇದು ಫಿಟ್ಸು ಎಂದು ಮನಸ್ಸು ಹೇಳಿತು. ಓಡಿ ಹೋಗಿ ಹೆಗಲು ಹಿಡಿದೆ. ಹಿಡಿದದ್ದಷ್ಟೇ ಗೊತ್ತು, ಗೋಡೆಯ ಹತ್ತಿರ ಬಿದ್ದಿದ್ದೆ, ಹಲ್ಲುಗಳಲ್ಲೆಲ್ಲ ತುಕ್ಕಿನ ರುಚಿ. ಕರೆಂಟಿಲ್ಲದ ಮನೆಯಲ್ಲಿ ನನಗೆ ಕರೆಂಟು ಹೊಡೆದಿತ್ತು. ಊಟಕ್ಕೆ ಕೂರುವ ಮರದ ಮಣೆ ಕೈಗೆ ಸಿಕ್ಕಿತು. ಅದರಿಂದ ಅವರ ತೋಳಿಗೆ ಹೊಡೆದೆ. ಎರಡನೆಯ ಏಟಿಗೆ ಕೈ ಕ್ಯಾಬಿನೆಟ್ಟನ್ನು ಬಿಟ್ಟು ಹೊರಗೆ ಬಂತು.

ಆಮೇಲೆ ಓದಿ, ಚಿತ್ರ ಬರೆದು ಅರ್ಥಮಾಡಿಕೊಂಡೆ. ನ್ಯೂಟ್ರಲ್ ಎಂದರೆ ಮನೆಗೆ ಬಂದ ಕರೆಂಟು ಹಿಂತಿರುಗುವ ದಾರಿ. ಅದನ್ನು ಕಿತ್ತಾಗ ಫೇಸು ಹಾಗೇ ಇತ್ತು. ಒಳಗೆ ಬಂದ ಕರೆಂಟು ಫ್ಯಾನು, ಫ್ರಿಜ್ಜುಗಳನ್ನು ದಾಟಿ, ಹೋಗಲು ದಾರಿಯಿಲ್ಲದೆ, ಆ ಬೆರಳುದ್ದದ ವೈರಿನ ಮೂಲಕ ಕ್ಯಾಬಿನೆಟ್ಟಿನ ತಗಡಿಗೆ ಬಂದು ಕಾದಿತ್ತು. ಇಷ್ಟು ತಿಳಿದಿದ್ದರಿಂದ ಏನೂ ಕಡಿಮೆಯಾಗಲಿಲ್ಲ. ತರಗತಿಯಲ್ಲಿ ಪಾಠ ಮಾಡುವಾಗ ಮೇಲಿನ ಫ್ಯಾನು ನಿಂತರೆ ನಾನು ಇವತ್ತಿಗೂ ಮಾತು ಮರೆತು ಮಕ್ಕಳ ಕೈಗಳನ್ನು ನೋಡುತ್ತೇನೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಅಂಗೈಯ ಸುಟ್ಟ ಗಾಯವೂ ಮಾಯಿತು. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಮಾತ್ರ ಮಡಚಲಿಲ್ಲ. ನರ ಸುಧಾರಿಸಲು ಕಾಲ ಬೇಕು, ಕಾದು ನೋಡೋಣ ಎಂದರು ಡಾಕ್ಟರು. ಕ್ಯಾಮರಾ ಹಿಡಿಯುವವರಿಗೆ ಆ ಬೆರಳುಗಳಿಲ್ಲದಿದ್ದರೆ ಏನಿದೆ? ಮದುವೆಯ ಕಾಲ ಅದು. ಬಂದವರಿಗೆಲ್ಲ ಬೇರೆ ಸ್ಟುಡಿಯೋದ ದಾರಿ ತೋರಿಸಿದೆವು.

ಗೆಳೆಯರಿಬ್ಬರೂ ನೋಡಲು ಬಂದರು, ಒಟ್ಟಿಗೇ. ಹಾಸಿಗೆಯ ಪಕ್ಕದಲ್ಲಿ ತಮಾಷೆ ಮಾಡಿದರು. ಚಹಾಕ್ಕೆಂದು ಅಡುಗೆಮನೆಗೆ ಬಂದಾಗ ಚನ್ನಗಿರಿಯವರು ನನ್ನನ್ನು ಕೇಳಿದರು: "ಕಾರ್ಡಿಂದ ಏನೂ ಆಗಿಲ್ಲ ಅಲ್ರೀ ಅಕ್ಕಾರೆ? ಕಾರ್ಡು ಚೆನ್ನಾಗೇ ಇತ್ತು."

ಜಗಳೂರಿನವರು ತಟ್ಟನೆ, "ಸಣ್ಣದು ತಗಳಾಕೆ ನಾ ಬಡ್ಕಂಡೆ. ನಿನ್ನ ಹಳೇದು ಅವನಿಗೆ ದಾಟ್ಸಾಕೆ ನೋಡ್ದೆ ನೀನು" ಎಂದರು.

"ದಾಟ್ಸೋದಾ? ಅವನೇ ಮನೆಗಂಟ ಬಂದು ಕೇಳಿದ್ದಲೇ."

ದನಿ ಏರಲಿಲ್ಲ. ಆದರೆ ಒಳಗೆ ಮಲಗಿದ್ದವರಿಗೆ ಎಲ್ಲ ಕೇಳಿತ್ತು. ಅವರಿಬ್ಬರೂ ಬೇರೆ ಬೇರೆ ಬಸ್ಸಿಗೆ ಹೋದರು. ಮೊದಮೊದಲು ಇಬ್ಬರ ಫೋನೂ ಬರುತ್ತಿತ್ತು, ಆಮೇಲೆ ವಿರಳವಾಯಿತು. ಒಂದು ಸಂಜೆ ಇವರು ಎಡಗೈಯಲ್ಲಿ ಮೊಬೈಲು ಹಿಡಿದು ಬಹಳ ಹೊತ್ತು ನೋಡುತ್ತ ಕೂತಿದ್ದರು. ಆಟದಲ್ಲಿ ಯಾರಿದ್ದಾರೆಂದು ಅದರಲ್ಲಿ ಕಾಣುತ್ತಿತ್ತು; ಗೆಳೆಯರಿಬ್ಬರೂ ರಾಜಿಯಾಗಿ ಆಡುತ್ತಿದ್ದರು. ಇವರ ಜಾಗದಲ್ಲಿ ಯಾರೋ ಮೂರನೆಯವನನ್ನು ಸೇರಿಸಿಕೊಂಡಿದ್ದರು. "ಪಾಪ, ಇಬ್ರೇ ಆಡಾಕೆ ಆಗಲ್ಲಲ್ಲ" ಎಂದರು. ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬರಲಿಲ್ಲ.

ಮಾಲೀಕರು ಟೈಲ್ಸ್ ಒಡೆಸಿ, ಉಪ್ಪು ಇದ್ದಿಲು ಹಾಕಿಸಿ ಹೊಸ ಅರ್ತ್ ಗುಂಡಿ ಮಾಡಿಸಿದರು. ಆ ಬೆರಳುದ್ದದ ವೈರನ್ನು ತೆಗೆಸಿದೆವು. ಆದರೂ ನಿದ್ದೆ ಹತ್ತಿರ ಸುಳಿಯಲಿಲ್ಲ. ಫ್ಯಾನಿನ ವೇಗ ಬದಲಾದರೆ ನಾನು ಎದ್ದು ಕೂರುತ್ತಿದ್ದೆ. ಪಕ್ಕದಲ್ಲಿ ಅವರು ಹೊದಿಕೆಯ ಅಡಿಯಲ್ಲಿ ಮುಷ್ಟಿ ಕಟ್ಟಲು ನೋಡುತ್ತಿದ್ದರು. ಬಟ್ಟೆ ಸರಿಯುವ ಸಣ್ಣ ಸದ್ದು, ನಿಲ್ಲುವುದು, ಮತ್ತೆ ಅದೇ ಸದ್ದು. ನನಗೆ ಎಚ್ಚರವಿದೆಯೆಂದು ಅವರಿಗೂ ಗೊತ್ತಿತ್ತು. ಬೆರಳು ಇವತ್ತು ಸ್ವಲ್ಪ ಮಡಚಿತಾ ಎಂದು ನಾನು ಕೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಮತ್ತೆ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಸೂಜಿ ಚುಚ್ಚಿ, ಯಂತ್ರದ ಗೆರೆಗಳನ್ನು ನೋಡಿ, ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕೂತರು. ಅವರು ಕುರ್ಚಿ ಎಳೆದಾಗಲೇ ನನಗೆ ತಿಳಿಯಿತು. ಈ ಮೂರು ಬೆರಳು ಇನ್ನು ಹೀಗೇ ಇರುತ್ತವೆ, ಎಡಗೈಯನ್ನು ರೂಢಿ ಮಾಡಿಕೊಳ್ಳಿ ಎಂದರು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಕೂತರು. ಸವಳಂಗ ದಾಟಿತು. ಆಮೇಲೆ, "ದಿನಾ ಬೆರಳು ಬಂತಾ ಅಂತ ನೋಡ್ಕಳೋದು ತಪ್ತು ಬಿಡು" ಎಂದರು. ನಾನು ಹೂಂ ಎಂದೆ. ಮನೆಗೆ ಬಂದು ಉಳಿದಿದ್ದ ಅನ್ನಕ್ಕೆ ಮಜ್ಜಿಗೆ ಕಲಸಿ ಕೊಟ್ಟೆ, ಅವರು ಚಮಚದಲ್ಲಿ ಎಡಗೈಯಿಂದ ತಿಂದರು. ದೀಪ ಆರಿಸಿದ ಮೇಲೆ ಆ ಬಟ್ಟೆಯ ಸದ್ದು ಬರಬಹುದೆಂದು ಸ್ವಲ್ಪ ಹೊತ್ತು ಕಿವಿಗೊಟ್ಟಿದ್ದೆ. ಬರಲಿಲ್ಲ. ನಿರೀಕ್ಷಿಸುವುದಕ್ಕೆ ಏನೂ ಉಳಿಯದ ಆ ಮನೆಯಲ್ಲಿ ನನಗೂ ಯಾವಾಗಲೋ ಕಣ್ಣು ಹತ್ತಿತು.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು. ಹೊನ್ನಾಳಿಯ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಬಾಗಿಲಿಗೆ ತೂಗುಹಾಕಿದ್ದ ಹಾಲಿನ ಪಾಕೀಟು ಬೆಚ್ಚಗಾಗಿತ್ತು. ಅವರು ಇನ್ನೂ ಮಲಗಿದ್ದರು, ಬಾಯಿ ಸ್ವಲ್ಪ ತೆರೆದು, ಬಲಗೈ ಮಂಚದಿಂದ ಹೊರಗೆ ಜೋತುಬಿದ್ದು. ನಾನು ಎಬ್ಬಿಸಲಿಲ್ಲ.