ಪರಿಶೀಲನೆಗೆ ಕಳುಹಿಸಿ

ಕಾಪುವಿನ ಕಡಲ ಬದಿಯಲ್ಲಿರುವ ನನ್ನ ಗಂಡನ ಮನೆಯನ್ನು ಹೋಂಸ್ಟೇ ಮಾಡುತ್ತೇನೆಂದು ಭಾವ ಹೊರಟಾಗ ನಾನೂ ಗಂಡನೂ ಮಸ್ಕತ್ತಿನ ಕೆಲಸ ಮುಗಿಸಿ ಊರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಭಾವ ಎಂದರೆ ಗಂಡನ ಅಣ್ಣ. ಮನೆಯ ಯಜಮಾನಿಕೆಯೆಲ್ಲ ಅವರದೇ. ಕೋಣೆಗಳಿಗೆ ಟೈಲ್ಸ್ ಹಾಕಿಸಿ, ಎಸಿ ಕೂರಿಸಿ, ಒಂದು ದಿನ ಊಟಕ್ಕೆ ಕುಳಿತಾಗ ನನ್ನ ಕಡೆ ತಿರುಗಿದರು. "ವೆಬ್‌ಸೈಟ್ ಒಂದು ಬೇಕಲ್ವಾ? ನೀನು ಅಲ್ಲಿ ಕಂಪ್ಯೂಟರಿನಲ್ಲೇ ಇದ್ದದ್ದಲ್ವಾ, ನೀನೇ ಮಾಡು."

ಅಲ್ಲಿ ನಾನು ಮಾಡುತ್ತಿದ್ದದ್ದು ಬಿಲ್ ಟೈಪ್ ಮಾಡುವ ಕೆಲಸ. ಆದರೂ ಆ ಮನೆಯಲ್ಲಿ ಅಡುಗೆಮನೆಯ ಹೊರಗೆ ನನಗೆ ಸಿಕ್ಕ ಮೊದಲ ಕೆಲಸ ಅದು. ಆಗಲಿ ಎಂದೆ.

ಮಣಿಪಾಲದಲ್ಲಿ ಶನಿವಾರ ನಡೆಯುವ ಒಂದು ತರಗತಿಗೆ ಸೇರಿಕೊಂಡೆ. ಕೋಡ್ ಬರೆಯದೆ ವೆಬ್‌ಸೈಟ್ ಕಟ್ಟುವ ತಂತ್ರಾಂಶವನ್ನು ಅಲ್ಲಿ ಕಲಿಸುತ್ತಿದ್ದರು. ಹೊಸ ಸೈಟ್ ತೆರೆದ ಕೂಡಲೇ ಅದರಲ್ಲಿ ಮಾದರಿ ಪುಟವೊಂದು ಮೊದಲೇ ಕುಳಿತಿರುತ್ತದೆ. ಅದನ್ನು ಅಳಿಸಲಿಕ್ಕೂ ಅಪ್ಪಣೆ ಕೇಳಿದೆ. "ಅಳಿಸಿ ಅಕ್ಕ, ಎಂತ ಆಗುದಿಲ್ಲ. ಬೇಕಾದ್ರೆ ವಾಪಸು ತರ್ಲಿಕ್ಕೆ ಆಗ್ತದೆ" ಎಂದಳು ಕಲಿಸುವ ಹುಡುಗಿ. ಪುಟ ಬರೆದು ಪ್ರಕಟಿಸಿದರೂ ಅದು ಎಲ್ಲೂ ಕಾಣಿಸದೆ ಒಂದಿಡೀ ದಿನ ಹುಡುಕಿದೆ. ಮೆನುವಿಗೆ ಅದನ್ನು ಬೇರೆಯಾಗಿ ಸೇರಿಸಬೇಕೆಂಬುದು ಗೊತ್ತಿರಲಿಲ್ಲ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವಿಳಾಸದ ಸಾಲಿನಲ್ಲಿ ಬರೀ ಶೇಕಡಾ ಚಿಹ್ನೆಗಳು ತುಂಬಿಕೊಳ್ಳುತ್ತಿದ್ದವು. ಥೀಮ್ ಬದಲಿಸಿದರೆ ಫೋಟೋಗಳೆಲ್ಲ ಅಡ್ಡಾದಿಡ್ಡಿ. ಒಂದೊಂದನ್ನೇ ಸರಿಮಾಡುತ್ತಾ ಹೋದ ಹಾಗೆ ನನಗೇ ತಿಳಿಯದೆ ಒಂದು ಸುಖ ಹತ್ತಿಕೊಂಡಿತು.

ಬರೆಯುವಾಗ ಅತ್ತೆ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಪ್ರಾಯದಲ್ಲಿ ಬುಟ್ಟಿ ಹೊತ್ತು ಉಡುಪಿಯ ಮಾರ್ಕೆಟಿನಲ್ಲಿ ಮೀನು ಮಾರಿದವರು. ಮೀನು ಕೊಯ್ಯುತ್ತಿರುವ ಅವರ ಫೋಟೋ ತೆಗೆದು ಅಡುಗೆಯ ಪುಟದಲ್ಲಿ ಹಾಕಿದಾಗ ಪರದೆಯನ್ನು ಮುಟ್ಟಿ ನೋಡಿದರು. ಆಮೇಲೆ ಹೇಳಿದರು: "ಚಂದದ್ದು ಮಾತ್ರ ಬರೀಬೇಡ. ಮಳೆಗಾಲದಲ್ಲಿ ನೀರಿಗೆ ಇಳೀಬಾರ್ದು ಅಂತ ಬರಿ. ದೀಪಸ್ತಂಭದ ಕೆಳಗಿನ ಬಂಡೆಯಿಂದಲೇ ನನ್ನ ತಮ್ಮನನ್ನು ಅಲೆ ಎಳೆದದ್ದು. ಹೆಣವೂ ಸಿಗ್ಲಿಲ್ಲ."

ಅವರು ಹೇಳಿದ ಹಾಗೇ ಬರೆದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಮೊದಲ ಪುಟದಲ್ಲೇ ಎದ್ದು ಕಾಣುವಂತೆ ಪ್ರಕಟಿಸಿದೆ. ಅತ್ತೆ ಎರಡೆರಡು ಸಲ ಓದಿಸಿಕೊಂಡರು.

ಬುಕಿಂಗ್ ಬರತೊಡಗಿದ ಮೇಲೆ ಭಾವನಿಗೆ ಉಡುಪಿಯ ಕಡಿಯಾಳಿಯಲ್ಲಿ ಆಫೀಸಿಟ್ಟುಕೊಂಡ ಒಬ್ಬರ ಪರಿಚಯವಾಯಿತು. ವೆಬ್‌ಸೈಟುಗಳನ್ನು ನೋಡಿಕೊಳ್ಳುವುದೇ ಅವರ ವ್ಯಾಪಾರ. "ಪಾಸ್‌ವರ್ಡ್ ಕೊಡು, ಅವರು ಸ್ವಲ್ಪ ಪಾಲಿಶ್ ಮಾಡ್ತಾರಂತೆ" ಎಂದರು ಭಾವ. ಕೊಟ್ಟೆ.

ಕೆಲವು ದಿನ ಬಿಟ್ಟು ಬೆಳಿಗ್ಗೆ ತೆರೆದು ನೋಡುತ್ತೇನೆ, ಅದು ನಾನು ಕಟ್ಟಿದ ಸೈಟೇ ಅಲ್ಲ. ಎಲ್ಲಿಯದೋ ನೀಲಿ ಸಮುದ್ರ, ಎಲ್ಲಿಯದೋ ತೂಗುಮಂಚ. ಅತ್ತೆಯ ಜಾಗದಲ್ಲಿ ಬಿಳಿ ಟೊಪ್ಪಿ ಹಾಕಿಕೊಂಡ ಯಾವನೋ ಬಾಣಸಿಗ ನಗುತ್ತಿದ್ದ. ಸಮುದ್ರದ ಎಚ್ಚರಿಕೆ ಇರಲಿಲ್ಲ. ಮತ್ತೆ ಹಾಕೋಣವೆಂದು ಹೊಸದಾಗಿ ಬರೆಯಲು ಕುಳಿತರೆ, 'ಪ್ರಕಟಿಸು' ಎಂದಿರುತ್ತಿದ್ದ ಗುಂಡಿಯಲ್ಲಿ 'ಪರಿಶೀಲನೆಗೆ ಕಳುಹಿಸಿ' ಎಂದಿತ್ತು. ನನ್ನನ್ನು ಅಡ್ಮಿನ್ ಸ್ಥಾನದಿಂದ ತೀರಾ ಕೆಳಗಿಳಿಸಿದ್ದರು. ನಾನು ಬರೆಯಬಹುದು, ಹಾಕುವುದೋ ಬಿಡುವುದೋ ಅವರಿಗೆ ಸೇರಿದ್ದು.

"ಭಾವ, ಸಮುದ್ರದ ವಿಷಯ ಯಾಕೆ ತೆಗೆದದ್ದು?" ಎಂದು ಕೇಳಿದೆ.

"ಅದನ್ನು ಓದಿದ್ರೆ ಯಾರು ಬರ್ತಾರೆ ಮಾರಾಯ್ತಿ? ಸಮುದ್ರ ನೋಡ್ಲಿಕ್ಕೇ ಬರುವವರು, ಹೆದರ್ತಾರೆ. ನೀನು ಬರಿ, ಬೇಡ ಅಂದದ್ದು ಯಾರು? ಅವರು ನೋಡಿ ಹಾಕ್ತಾರೆ."

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ತಲೆ ಎತ್ತಲಿಲ್ಲ. ಕೋಣೆಗೆ ಬಂದ ಮೇಲೆ, "ಅಣ್ಣನ ಹತ್ತಿರ ನಾನು ಎಂತ ಹೇಳುದು?" ಎಂದರು. ಅದು ನನಗೆ ಭಾವನ ಮಾತಿಗಿಂತ ಹೆಚ್ಚು ಚುಚ್ಚಿತು.

ಎಚ್ಚರಿಕೆಯನ್ನು ಮತ್ತೆ ಬರೆದು ಕಳುಹಿಸಿದೆ. ಅದರ ಮುಂದೆ 'ಬಾಕಿ ಇದೆ' ಎಂದು ಬಂತು. ಮಳೆ ಶುರುವಾದರೂ ಬಾಕಿಯೇ ಇತ್ತು. ಬಂದವರಿಗೆ ನಾನೂ ಅತ್ತೆಯೂ ಬಾಯಲ್ಲಿ ಹೇಳುತ್ತಿದ್ದೆವು.

ಅನಾಹುತವಾದ ದಿನ ನಾನೂ ಅತ್ತೆಯೂ ಮನೆಯಲ್ಲಿರಲಿಲ್ಲ. ನನ್ನ ತವರು ಬೆಳ್ಮಣ್ಣಿನಲ್ಲಿ ಸೀಮಂತವಿತ್ತು. ಸಂಜೆ ಬಸ್ಸಿಳಿದು ಬರುವಾಗ ಮನೆಯೆದುರು ಜನ. ದಾವಣಗೆರೆ ಕಡೆಯಿಂದ ನಮ್ಮಲ್ಲಿ ಉಳಿಯಲು ಬಂದಿದ್ದ ಗಂಡ ಹೆಂಡತಿ. ಅವನು ಫೋಟೋಕ್ಕೆಂದು ದೀಪಸ್ತಂಭದ ಕೆಳಗಿನ ಬಂಡೆಯ ತುದಿಯಲ್ಲಿ ನಿಂತಿದ್ದನಂತೆ, ಅಲೆ ಬಂದು ಹೊಡೆದುಕೊಂಡು ಹೋಯಿತಂತೆ. ದಡದಲ್ಲಿದ್ದ ಮೀನುಗಾರರು ಹಗ್ಗ ಎಸೆದು ಎಳೆದರು. ಜೀವ ಉಳಿಯಿತು. ಆದರೆ ತೊಡೆಯ ಎಲುಬು ಮುರಿದು, ಬಲಗಣ್ಣು ಬಂಡೆಗೆ ಬಡಿದು ಹೋಗಿತ್ತು. ಅವನನ್ನು ಉಡುಪಿಯ ಆಸ್ಪತ್ರೆಗೆ ಒಯ್ದಿದ್ದರು. ಹೆಂಡತಿ ಬಟ್ಟೆ ತೆಗೆದುಕೊಂಡು ಹೋಗಲು ಬಂದವಳು ಜಗಲಿಯಲ್ಲಿ ಒದ್ದೆಯಾಗಿ ನಿಂತಿದ್ದಳು.

"ಅಲ್ರೀ, ಎಲ್ಲಾ ಬರ್ದೀರಿ ವೆಬ್‌ಸೈಟಿನಾಗೆ. ಇದೊಂದು ಮಾತು ಬರೀಬಾರ್ದಿತ್ತಾ?" ಎಂದು ನನ್ನನ್ನೇ ಕೇಳಿದಳು.

"ನಾವು ಬಂದವರಿಗೆಲ್ಲ ಬಾಯಲ್ಲಿ ಹೇಳ್ತೇವೆ ಮೇಡಂ" ಎಂದರು ಭಾವ.

"ನಮಗ್ಯಾರೂ ಹೇಳ್ಲಿಲ್ಲ" ಎಂದಳು ಅವಳು. ಅತ್ತೆ ಅವಳ ಹೆಗಲಿಗೆ ಮೈ ಒರೆಸುವ ಬೈರಾಸು ಹೊದಿಸಿ, ಮಗನ ಮುಖ ನೋಡದೆ ಒಳಗೆ ಹೋದರು.

ಮರುದಿನವೇ ಎಚ್ಚರಿಕೆ ಸೈಟಿನಲ್ಲಿ ಬಂತು. ನಾನು ಬರೆದದ್ದೇ, ಅಕ್ಷರ ಅಕ್ಷರ. ಅತ್ತೆಯ ತಮ್ಮನ ಸಾಲುಗಳನ್ನು ಮಾತ್ರ ಕತ್ತರಿಸಿದ್ದರು. ಕೆಳಗೆ ಬರೆದವರ ಹೆಸರಿನ ಜಾಗದಲ್ಲಿ 'ಅಡ್ಮಿನ್'. ಹೆಸರು ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ. ಅಷ್ಟು ಸುಲಭದ ಕೆಲಸಕ್ಕೆ ಒಬ್ಬನ ಕಣ್ಣು ಹೋಗಬೇಕಾಯಿತಲ್ಲ. ಗಂಡನಿಗೆ ತೋರಿಸಿದೆ.

"ಈಗ ಹಾಕಿದ್ರಲ್ಲ, ಇನ್ನೆಂತ?" ಎಂದರು.

ಆಮೇಲೆ ಕಾರ್ಕಳದ ಒಂದು ನರ್ಸರಿಯವರು ಗಿಡಗಳ ಸೈಟ್ ಮಾಡಿಕೊಡಿ ಎಂದು ಕರೆದರು. ಒಪ್ಪಿಕೊಂಡೆ, ವಾರಕ್ಕೊಮ್ಮೆ ಹೋಗಿಬರುತ್ತೇನೆ. ಮೊನ್ನೆ ಊಟಕ್ಕೆ ಕುಳಿತಾಗ ಭಾವ, "ಮಳೆಗಾಲದ ಆಫರಿನ ಬಗ್ಗೆ ಚಂದ ಮಾಡಿ ಎರಡು ಸಾಲು ಬರೆದು ಕೊಡು, ಕಡಿಯಾಳಿಯವರಿಗೆ ಕನ್ನಡ ಸರಿ ಬರುದಿಲ್ಲ" ಎಂದರು.

"ನನಗೆ ಆಗುದಿಲ್ಲ ಭಾವ" ಎಂದೆ.

ನನ್ನ ಗಂಡ ಸಾರು ಕೇಳಿದರು. ಪಾತ್ರೆಯನ್ನು ಅವರ ಕಡೆ ಸರಿಸಿದೆ, ಬಡಿಸಲಿಲ್ಲ.